ಚಂದಣ್ಣನ ಸೈಕಲ್ಲಿಗೊಂದು ಬೀಗ

“ಇದೂ ಬೇಡ,” ಎಂದು ಅಪ್ಪ ನಾಲ್ಕನೆಯ ಬೀಗವನ್ನೂ ಕೆಳಗಿಟ್ಟರು.

ನವ್ಯಶ್ರೀ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಉಡುಪಿಯ ಆ ಸೈಕಲ್ ಅಂಗಡಿಯ ಗಾಜಿನ ಮೇಜಿನ ಮೇಲೆ ಬೀಗಗಳು ಸಂತೆಯ ತರಕಾರಿಯ ಹಾಗೆ ಹರಡಿಕೊಂಡಿದ್ದವು. ತಂತಿಯ ಬೀಗವನ್ನು ಮೀನು ಕೊಯ್ಯುವ ಕತ್ತಿಯಲ್ಲೇ ಕತ್ತರಿಸಬಹುದಂತೆ. ಸರಪಳಿ ಉಚ್ಚಿಲದ ಉಪ್ಪುಗಾಳಿಗೆ ಒಂದು ಮಳೆಗಾಲವೂ ಬಾಳುವುದಿಲ್ಲವಂತೆ. ಹಿಂದಿನ ಚಕ್ರಕ್ಕೆ ಕೂರಿಸುವ ಬೀಗ ಹಾಕಿದರೆ ಕಳ್ಳ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ಹೋಗುತ್ತಾನಂತೆ. ನಾಲ್ಕನೆಯದು ಬೆರಳು ದಪ್ಪದ ಉಕ್ಕಿನದು. ಅದರಲ್ಲಿ ಏನೂ ಕುಂದು ಸಿಗದೆ ಕೊನೆಗೆ “ಭಾರ” ಅಂದಿದ್ದರು. ಆಯುಷ್ಯವಿಡೀ ಬಲೆ ಎಳೆದ ಮನುಷ್ಯನಿಗೆ ಬೀಗ ಭಾರವಂತೆ!

“ಅಪ್ಪಾ, ನಿಮಗೆ ಬೇಡದ್ದು ಬೀಗವಾ, ಸೈಕಲ್ಲಾ? ಅದೊಂದು ಹೇಳಿಬಿಡಿ.”

“ಸೈಕಲ್ ಬೇಕು ಮಗಾ.” ಆ ಉತ್ತರ ಮಾತ್ರ ತಡವಿಲ್ಲದೆ ಬಂತು.

ಬೇಕೇ ಬೇಕು. ಎದೆಯ ಆಪರೇಷನ್ ಆದ ಮೇಲೆ ಕಡಲಿಗೆ ಇಳಿಯಬಾರದು, ಹಗ್ಗ ಎಳೆಯಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಸೈಕಲ್ ತುಳಿಯಬಹುದು, ಅಷ್ಟೆ. ಮನೆಯಿಂದ ಕಡಲ ಬದಿಗೆ ಹೋಗಲು ಅಪ್ಪನಿಗೆ ಉಳಿದದ್ದು ಅದೊಂದೇ. ಮಣಿಪಾಲದ ಲ್ಯಾಬಿನಲ್ಲಿ ಕೆಲಸ ಮಾಡುವ ನವ್ಯಶ್ರೀ ತಾನೇ ಮುಂದೆ ನಿಂತು ಒಳ್ಳೆಯದೊಂದು ಸೈಕಲ್ ತೆಗೆದುಕೊಟ್ಟಿದ್ದಳು. ಅದು ಹೆದ್ದಾರಿ ಬದಿಯ ಐಸ್ ಅಂಗಡಿಯ ಮುಂದಿನಿಂದ ಕಳವಾಯಿತು. ಕಳವಾದ ಹೊತ್ತಿಗೆ ಅಪ್ಪ ಇದ್ದದ್ದು ಕಡಲ ಬದಿಯಲ್ಲಿ. ಹಾಗಾದರೆ ಸೈಕಲ್ ತಾನೇ ನಡೆದುಕೊಂಡು ಹೆದ್ದಾರಿಗೆ ಹೋಯಿತಾ? ಯಾರು ಒಯ್ದದ್ದು ಎಂದು ಕೇಳಿ ಕೇಳಿ ಅವಳ ಗಂಟಲು ಒಣಗಿತ್ತು. “ಯಾರಾದರೆ ಎಂತ? ಹೋದದ್ದು ಹೋಯಿತು” ಎನ್ನುವುದರಾಚೆಗೆ ಅವರ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಹೊಸ ಸೈಕಲ್ ತರುವ ಮೊದಲೇ ಅವಳು ಖಡಾಖಂಡಿತವಾಗಿ ಹೇಳಿದ್ದಳು. ಇನ್ನು ಮುಂದೆ ಸೈಕಲ್ಲಿಗೆ ಬೀಗ ಇರಬೇಕು, ಯಾರಿಗೂ ಕೊಡಬಾರದು. ಇದೂ ಹೋಯಿತೋ, ಮತ್ತೆ ಸೈಕಲ್ ಎಂಬ ಮಾತೇ ಇಲ್ಲ, ಜಗಲಿಯಲ್ಲಿ ಕೂತು ಪೇಪರ್ ಓದುವುದು. ಅಪ್ಪ ತಲೆಯಾಡಿಸಿ ಮಾತು ಕೊಟ್ಟಿದ್ದರು. ಕೊಟ್ಟ ಮೇಲೆ ಈಗ ಬೀಗಗಳ ಜಾತಕ ನೋಡುತ್ತಿದ್ದರು.

ಅಂಗಡಿಯ ಆಲ್ಫೋನ್ಸರಿಗೂ ಸಾಕಾಗಿತ್ತೇನೋ, ಒಳಗಿನಿಂದ ಇನ್ನೊಂದು ತಂದರು. ರಬ್ಬರು ಹೊದಿಸಿದ ದಪ್ಪ ಉಕ್ಕಿನ ಹಗ್ಗ, ತುದಿಯಲ್ಲಿ ಅಂಕಿಗಳ ನಾಲ್ಕು ಚಕ್ರ. “ಇದು ತುಕ್ಕು ಹಿಡಿಯುವುದಿಲ್ಲ. ಕೀ ಇಲ್ಲ, ಹಾಗಾಗಿ ಕಳೆದುಹೋಗುವ ಪ್ರಶ್ನೆಯೂ ಇಲ್ಲ. ನಂಬರ್ ನೀವೇ ಇಡುವುದು. ಬೇಕಾದಾಗ ಬದಲಾಯಿಸಲಿಕ್ಕೂ ಆಗ್ತದೆ.”

“ಅಂಕಿ ಕಾಣಬೇಕಲ್ಲ?” ಎಂದರು ಅಪ್ಪ.

“ಕನ್ನಡಕ ಉಂಟಲ್ಲ?” ಎಂದಳು ಮಗಳು. “ಇದೇ ಕೊಡಿ ಸರ್. ಇನ್ನು ನೋಡುವುದು ಬೇಡ.”

ನಂಬರ್ ಯಾವುದಿಡುವುದು ಎಂದಾಗ ಮಾತ್ರ ಅಪ್ಪನ ಮುಖ ಅರಳಿತು. “ನಮ್ಮ ದೋಣಿಯದ್ದು ಇಡು. ಎರಡು ಏಳು ಒಂದು ಆರು.”

ನವ್ಯಶ್ರೀಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅದು ಊರಿನ ಕೆಲವು ಮನೆಯವರು ಸೇರಿ ಮಾಡಿಸಿದ್ದ ದೋಣಿ. ಅದನ್ನು ಒಡೆದು ಮಾರಿ ಎಷ್ಟೋ ಕಾಲವಾಗಿತ್ತು, ಆದರೆ ಅದರ ನಂಬರನ್ನು ಯಾರೂ ಬಿಟ್ಟಿರಲಿಲ್ಲ. ಸ್ಕೂಟರ್ ತೆಗೆದವರೂ, ಫೋನಿಗೆ ಹೊಸ ಸಿಮ್ ಹಾಕಿಸಿದವರೂ ಅದೇ ಬೇಕೆಂದು ಕೇಳಿ ಪಡೆಯುತ್ತಿದ್ದರು.

“ಉಚ್ಚಿಲದ ಕಡಲ ಬದಿಯಲ್ಲಿ ಆ ನಂಬರ್ ಗೊತ್ತಿಲ್ಲದ ಒಬ್ಬರನ್ನು ಹೇಳಿ ನೋಡುವ. ಅದನ್ನಿಟ್ಟರೆ ಇದು ಬೀಗವಾ, ಬೋರ್ಡಾ?”

ಅವಳು ತನಗೆ ತೋಚಿದ ಬೇರೆ ನಾಲ್ಕು ಅಂಕಿ ಇಟ್ಟು, ಬಸ್ಸಿನಲ್ಲಿ ಊರು ಬರುವತನಕ ಅವರಿಂದ ಬಾಯಿಪಾಠ ಮಾಡಿಸಿದಳು.

ಅಲ್ಲಿಗೆ ಸೈಕಲ್ಲಿನ ರಗಳೆ ಮುಗಿಯಿತೆಂದು ಅವಳು ನೆಮ್ಮದಿಯಲ್ಲಿದ್ದಾಗ ಒಂದು ಸಂಜೆ ತಾಯಿ ವಾರಿಜಾ ಫೋನ್ ಮಾಡಿದಳು. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

“ನಾನು ಇವತ್ತು ಮೀನು ಕ್ರಯಕ್ಕೆ ತೆಗೆದುಕೊಂಡೆ.”

“ಅದಕ್ಕೆಂತ ಅಮ್ಮಾ?”

“ಅದಕ್ಕೆಂತವಾ? ಈ ಮನೆಗೆ ಬಂದ ಮೇಲೆ ಒಂದು ದಿನ ನಾನು ಬಂಗುಡೆಗೆ ಕ್ರಯ ಕೊಟ್ಟದ್ದಿಲ್ಲ ಮಾರಾಯ್ತಿ! ಮೀನು ಮಾರುವ ಹೆಂಗಸು ನನ್ನ ಮುಖ ನೋಡಿ, ಚಂದಣ್ಣ ಹುಷಾರಿಲ್ಲವಾ ಅಂತ ಕೇಳಿದಳು. ನಿನ್ನ ಅಪ್ಪ ಬೆಳಿಗ್ಗೆ ಸೈಕಲ್ ಹತ್ತಿ ಹೋಗ್ತಾರೆ, ಖಾಲಿ ಕೈಯಲ್ಲಿ ಬರ್ತಾರೆ. ಎಂತ ಆಯಿತು ಅಂದರೆ ಗೋಡೆ ನೋಡ್ತಾರೆ. ನೀನೇ ಬಂದು ಕೇಳು. ನನಗೆ ಸಾಕಾಗಿದೆ.”

ಭಾನುವಾರ ನವ್ಯಶ್ರೀ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಕಡಲ ಬದಿಗೆ ನಡೆದಳು. ಬೀಗ ಹಾಕಿದರೂ ಒಂದು ರಗಳೆ, ಹಾಕದಿದ್ದರೂ ಒಂದು. ಈ ಮನುಷ್ಯನ ಸೈಕಲ್ಲಿನ ಹಿಂದೆ ಇನ್ನೆಷ್ಟು ರಜೆ ಕಳೆಯಬೇಕೋ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡಳು.

ಎಲ್ಲರೂ ಸೇರಿ ಹಗ್ಗ ಹಿಡಿದು ಎಳೆಯುವ ಕೈರಂಪಣಿಯ ಬಲೆ ದಡಕ್ಕೆ ಬಂದಾಗಿತ್ತು. ಎಳೆದವರು ಮರಳಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಅಪ್ಪಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಮೀನಿನ ಪಾಲು ಹಾಕುತ್ತಿದ್ದಳು. ಸಾಲಾಗಿ ಬಂಗುಡೆಯ ಗುಪ್ಪೆಗಳು, ಒಬ್ಬೊಬ್ಬರಿಗೆ ಒಂದೊಂದು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಮಗುಚಿ ಹಾಕಿದ ದೋಣಿಯ ಮೇಲೆ ಅಪ್ಪ ಒಬ್ಬರೇ ಕೂತಿದ್ದರು. ಪಕ್ಕದ ತೆಂಗಿನ ಮರಕ್ಕೆ ಸೈಕಲ್ಲನ್ನು ಬಿಗಿದು ಬೀಗ ಹಾಕಿತ್ತು. ಅವಳು ಕಲಿಸಿಕೊಟ್ಟ ಹಾಗೆಯೇ, ಚಕ್ರವೂ ಚೌಕಟ್ಟೂ ಒಟ್ಟಿಗೆ.

ಬಲೆಯ ಮುಖ್ಯಸ್ಥ ಶೇಖರ ಅವಳನ್ನು ಕಂಡು ಎದ್ದು ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಒಳಗೆ ಐದಾರು ಬಂಗುಡೆ. “ತೆಕ್ಕೋ ನವ್ಯಾ. ಅಮ್ಮನಿಗೆ ಕೊಡು.”

ಪರ ಊರಿನಿಂದ ಬಂದ ನೆಂಟರಿಗೆ ಕೊಡುವ ಹಾಗೆ ಕೊಟ್ಟದ್ದು ಅವಳಿಗೆ ಚುಚ್ಚಿತು. “ಅಪ್ಪನ ಪಾಲು ಎಲ್ಲಿ ಶೇಖರಣ್ಣ?”

“ಪಾಲು ಇಡಲಿಕ್ಕೆ ಹೋದರೆ ಅವರೇ ಬೇಡ ಅಂತಾರೆ. ಹಗ್ಗಕ್ಕೆ ಕೈ ಹಾಕದವನಿಗೆ ಪಾಲು ಎಂತದ್ದು ಅಂತಾರೆ.”

“ಆಪರೇಷನ್ ಆದಂದಿನಿಂದ ಅವರು ಹಗ್ಗ ಮುಟ್ಟಿಲ್ಲ. ಆದರೂ ಮೊನ್ನೆ ಮೊನ್ನೆಯವರೆಗೆ ಪಾಲು ತರುತ್ತಿದ್ದರಲ್ಲ?”

“ಆಗ ಸೈಕಲ್ ಇತ್ತಲ್ಲ ಮಾರಾಯ್ತಿ!” ಶೇಖರನ ಸ್ವರ ಸ್ವಲ್ಪ ಏರಿತು. “ಐಸಿಗೆ ಅದೇ, ಚಾ ತರಲಿಕ್ಕೆ ಅದೇ. ಅಪ್ಪಿಯಕ್ಕನ ಕಾಲಿಗೆ ಗಾಳ ಹೊಕ್ಕಾಗ ಡಾಕ್ಟರ ಹತ್ತಿರ ಹೋದದ್ದೂ ಅದರಲ್ಲೇ. ಚಂದಣ್ಣನ ಕೈ ಹಗ್ಗಕ್ಕೆ ಬರದಿದ್ದರೆ ಎಂತ, ಸೈಕಲ್ ಬರ್ತಾ ಇತ್ತು. ಅದಕ್ಕೆ ಪಾಲು ಇಡ್ತಾ ಇದ್ದೆವು, ಅವರೂ ತಕೊಳ್ತಾ ಇದ್ದರು. ಬೀಗ ಹಾಕಿದ ಮೊದಲ ದಿನ ಒಬ್ಬರು ಕೇಳಿದರು. ಯಾರಿಗೂ ಕೊಡುವುದಿಲ್ಲ ಅಂತ ಮಗಳಿಗೆ ಮಾತು ಕೊಟ್ಟಿದ್ದೇನೆ ಅಂದರು ಚಂದಣ್ಣ. ಮತ್ತೆ ಯಾರೂ ಕೇಳಲಿಲ್ಲ, ಅಲ್ವಾ? ಸೈಕಲ್ ನಿಮ್ಮದು, ಬೀಗ ನಿಮ್ಮದು. ನನಗೆ ಬೇಸರ ಎಂತದೂ ಇಲ್ಲ. ತಪ್ಪು ನನ್ನದೇ.”

“ನಿಮ್ಮದೆಂತ ತಪ್ಪು?”

ಶೇಖರ ಅವಳನ್ನು ವಿಚಿತ್ರವಾಗಿ ನೋಡಿದ. “ಹಳೆ ಸೈಕಲ್ ಐಸಿಗೆ ಒಯ್ದವ ನಾನಲ್ವಾ? ಅಂಗಡಿಯ ಮುಂದೆ ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಇಲ್ಲ. ಅದಕ್ಕೇ ಅಲ್ವಾ ನೀನು ಬೀಗ ತಂದದ್ದು?”

ನವ್ಯಶ್ರೀ ನಿಂತಲ್ಲೇ ನಿಂತಳು. ಐದೈದು ನೋಡಿ ಆರಿಸಿ ತಂದ ಬೀಗ! ಹೆದ್ದಾರಿಯ ಯಾವನೋ ಕಳ್ಳನಿಗೆಂದು ತಂದದ್ದು ಈ ಮನುಷ್ಯನ ಮುಖಕ್ಕೆ ಹೊಡೆದ ಹಾಗಾಗಿತ್ತು. ಅಪ್ಪ ಅದನ್ನು ದಿನ ದಿನವೂ ನೋಡುತ್ತ ಕೂತಿದ್ದರು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ದೋಣಿಯ ಬಳಿಗೆ ಧುಮುಗುಟ್ಟುತ್ತ ಹೋದಳು.

“ಶೇಖರಣ್ಣ ಒಯ್ದದ್ದು ಅಂತ ಒಂದು ಮಾತು ಹೇಳಲಿಕ್ಕೆ ನಿಮಗೆಂತ ಆಗಿತ್ತು?”

“ಹೇಳಿದರೆ ನೀನು ಅವನ ಮನೆ ಬಾಗಿಲಿಗೆ ಹೋಗಿ ಜಗಳ ಮಾಡುತ್ತಿದ್ದೆ,” ಎಂದರು ಅಪ್ಪ.

ಮಾಡುತ್ತಿದ್ದಳು. ಅದರಲ್ಲಿ ಅನುಮಾನವೇ ಇರಲಿಲ್ಲ.

“ಬೀಗ ತೆಗೆದು ಕೊಡಲಿಕ್ಕಾದರೂ ಆಗುತ್ತಿರಲಿಲ್ಲವಾ?”

“ಮಾತು ಕೊಟ್ಟಿದ್ದೆನಲ್ಲ, ಯಾರಿಗೂ ಕೊಡುವುದಿಲ್ಲ ಅಂತ. ಇದೂ ಹೋದರೆ ನೀನು ಜಗಲಿಯಲ್ಲಿ ಕೂರಿಸುತ್ತೀ.” ಅಪ್ಪ ಕಡಲಿನ ಕಡೆಗೆ ತಿರುಗಿದರು. “ಇಲ್ಲಿ ಬಂದು ಕೂರಲಿಕ್ಕಾದರೂ ಆಗ್ತದಲ್ಲ ಅಂತ.”

ನವ್ಯಶ್ರೀ ತೆಂಗಿನ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಂಕಿಯ ಚಕ್ರಗಳ ನಡುವೆ ಆಗಲೇ ಮರಳು ಸೇರಿಕೊಂಡಿತ್ತು. ದರಿದ್ರ ಬೀಗ ಎಂದು ಬೈಯುತ್ತ, ಬಾಯಲ್ಲಿ ಊದಿ, ಉಗುರಿನಿಂದ ಕೆದಕಿ ಅದನ್ನು ಬಿಚ್ಚಿದಳು. ಬುಡದ ಗುಂಡಿ ಒತ್ತಿ ಹಿಡಿದು ನಾಲ್ಕೂ ಚಕ್ರಗಳನ್ನು ಹೊಸದಾಗಿ ಕೂರಿಸಿದಳು. ಮತ್ತೆ ಮರಕ್ಕೆ ಬಿಗಿದು, ಅಂಕಿಗಳನ್ನು ಚೆದರಿಸಿ ಎದ್ದಳು. ಮರಳಿನ ಮೇಲೆ ಕೂತಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು.

“ಶೇಖರಣ್ಣ, ಇವತ್ತು ಐಸ್ ಬೇಡವಾ?”

“ಬೇಕು. ಯಾಕೆ?”

“ಸೈಕಲ್ ತಕೊಂಡು ಹೋಗಿ. ಬೀಗವನ್ನೂ ಒಯ್ಯಿರಿ. ಅಂಗಡಿಯ ಮುಂದೆ ಹಾಕದೆ ಒಳಗೆ ಹೋದಿರೋ, ಆಮೇಲೆ ನಾನು ಮನೆ ಬಾಗಿಲಿಗೇ ಬರ್ತೇನೆ.”

ಶೇಖರ ಚಂದಣ್ಣನ ಮುಖ ನೋಡಿದ, ಅವಳ ಮುಖ ನೋಡಿದ. “ನಂಬರ್?”

“ನನ್ನ ಹತ್ತಿರ ಎಂತ ಕೇಳುವುದು? ನಿಮಗೆ ಗೊತ್ತಿಲ್ಲದ್ದಾ?”

ಶೇಖರ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಬೀಗದ ಮುಂದೆ ಕೂತ. ಆಮೇಲೆ ಒಂದೊಂದೇ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿದ. ಎರಡು. ಏಳು. ಒಂದು. ಆರು. ಬೀಗ ತೆರೆದುಕೊಂಡಿತು. ಅವನು ಅದನ್ನು ಹ್ಯಾಂಡಲ್ಲಿಗೆ ಸುತ್ತಿಕೊಂಡು, ಸೈಕಲ್ ಹತ್ತಿ ಹೊರಟ.

ಅಪ್ಪ ದೋಣಿಯ ಮೇಲಿಂದ ಇಳಿದು ನಿಂತಿದ್ದರು. ಪಾಲು ಹಾಕಿ ಮುಗಿಸಿ ಕೈ ತೊಳೆಯಲು ಹೊರಟಿದ್ದ ಅಪ್ಪಿಯಕ್ಕ ತಿರುಗಿ ಅವರನ್ನೊಮ್ಮೆ ನೋಡಿದಳು. ಅಪ್ಪ ಬೇಡ ಎನ್ನಲಿಲ್ಲ. ಅವಳು ಸಾಲಿನ ಮೊದಲಿಗೆ ಹೋಗಿ ಬಾಗಿ, ಪ್ರತಿಯೊಂದು ಗುಪ್ಪೆಯಿಂದಲೂ ಒಂದೊಂದು ಬಂಗುಡೆ ಎತ್ತಿಕೊಳ್ಳುತ್ತ ಬಂದು, ಸಾಲಿನ ಕೊನೆಯ ಖಾಲಿ ಮರಳಿನ ಮೇಲೆ ಇಡತೊಡಗಿದಳು.