ನೇರಳೆ ಬಾವುಟದ ಕಾರು

ಸಾವಿನ ಮನೆಯ ಮಾತನ್ನು ಹೊರಗೆ ಹೇಳುವುದು ಸರಿಯೋ ತಪ್ಪೋ ತಿಳಿಯದು. ತಪ್ಪಾಗಿದ್ದರೆ ಟಾಲಿವರ್ ಮೇಷ್ಟ್ರ ಕಡೆಯವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಲೊರೀಸ್ ತಟ್ಟೆಗಳಿಗೆ ಹುರಿದ ಕೋಳಿ ಬಡಿಸುತ್ತಲೇ ಮತ್ತೆ ಗಡಿಯಾರ ನೋಡಿದಳು. ಮೇಷ್ಟ್ರನ್ನು ಮಣ್ಣು ಮಾಡಿ ಬಂದವರಿಗೆ ಚರ್ಚಿನ ಹಿಂದಿನ ಹಜಾರದಲ್ಲಿ ಊಟ ನಡೆದಿತ್ತು. ಮಿಸಿಸಿಪ್ಪಿಯ ಆ ಊರಿನ ಕಪ್ಪು ಜನರ ಕಾಲೇಜಿನಲ್ಲಿ ಮೇಷ್ಟ್ರು ಭೌತಶಾಸ್ತ್ರ ಹೇಳುತ್ತಿದ್ದರು. ಪ್ರತಿ ಬೇಸಿಗೆಯಲ್ಲೂ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ದೂರದ ದೊಡ್ಡ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ತಮ್ಮ ಹಳೆಯ ಕಾರಿನಲ್ಲಿ ತಾವೇ ಬಿಟ್ಟುಬರುತ್ತಿದ್ದರು. ಮಕ್ಕಳು ಅಲ್ಲಿ ಎರಡು ತಿಂಗಳು ಸಂಶೋಧನೆ ಮಾಡುತ್ತಿದ್ದರು. ಈ ಸಲ ಲೊರೀಸಳ ಸರದಿ. ಇವತ್ತು ಸಂಜೆಯೊಳಗೆ ಹಾಜರಾಗದಿದ್ದರೆ ಜಾಗ ಬೇರೆಯವರ ಪಾಲು.

"ಎಲ್ಲಿಗೆ ಹೋಗೋದಿದ್ರೂ ಮೇಷ್ಟ್ರು ಒಂದು ಗಂಟೆ ಮುಂಚೆ," ಎಂದರು ಚರ್ಚಿನ ಹಿರಿಯ ಹೊಸೀಯ. "ಈಗ್ಲೂ ನೋಡಿ, ನಮ್ಮನ್ನೆಲ್ಲ ಬಿಟ್ಟು ಮುಂದೆ ಹೋದ್ರು."

ನಕ್ಕವರೆಲ್ಲ ಕಣ್ಣೊರೆಸಿಕೊಂಡರು. ಹೋಗುವುದು ಬೇಡವೆಂದು ಲೊರೀಸ್ ಬೆಳಿಗ್ಗೆಯೇ ಮನಸ್ಸು ಮಾಡಿದ್ದಳು. ಯಾರಿಗೂ ಹೇಳಿರಲಿಲ್ಲ.

*

ಚಳಿಗಾಲದ ಒಂದು ಸಂಜೆ ತರಗತಿ ಮುಗಿದ ಮೇಲೆ ಅವಳು ಹಿಂಜರಿಯುತ್ತ ಕೇಳಿದ್ದಳು, "ಅಲ್ಲಿ ನಮ್ಮಂಥೋರು ಯಾರಿರ್ತಾರೆ, ಮೇಷ್ಟ್ರೇ?"

"ನೀನಿರ್ತೀಯಲ್ಲ."

ಪ್ರಯೋಗದ ತಂತಿ ಸುತ್ತಿಡುತ್ತ ಅವರು ತಮ್ಮ ಕಾಲದ್ದು ಹೇಳಿದರು. ಅವರಿಗೂ ಅಂಥದೇ ಪ್ರಯೋಗಾಲಯದಲ್ಲಿ ಜಾಗ ಸಿಕ್ಕಿತ್ತಂತೆ. ಕಪ್ಪು ಹುಡುಗನೆಂದು ಬಸ್ಸಿನವನು ನಡುದಾರಿಯಲ್ಲಿ ಇಳಿಸಿಬಿಟ್ಟ. ಮರುದಿನ ಹೇಗೋ ತಲುಪಿದಾಗ ಅವರ ಜಾಗದಲ್ಲಿ ಇನ್ನೊಬ್ಬ ಹುಡುಗ ಕೂತಿದ್ದ.

"ಪಾಪ, ಅವನದೇನು ತಪ್ಪು," ಎಂದು ನಕ್ಕಿದ್ದರು. "ಕುರ್ಚಿ ಮಾತ್ರ ಬಹಳ ಚೆನ್ನಾಗಿತ್ತು."

*

ಮೇಷ್ಟ್ರ ಹೆಂಡತಿ ಇರ್ಮಾ, ತಲೆಯ ಮೇಲಿನ ಕಪ್ಪು ಟೋಪಿಯನ್ನೂ ತೆಗೆಯದೆ, ಅಡುಗೆಯ ಕಟ್ಟೆಯ ಬಳಿ ಬಂದು ನಿಂತರು.

"ನಿನ್ನ ಪೆಟ್ಟಿಗೆ ಎಲ್ಲಿ?"

"ಇವತ್ತು ಬೇಡ, ಇರ್ಮಾ ಅಮ್ಮ. ನಿಮ್ಮೊಬ್ಬರನ್ನೇ ಬಿಟ್ಟು ಹೇಗೆ..."

"ಒಬ್ಬಳನ್ನೇ ಬಿಡು ಅಂದೋರ್ಯಾರು? ಕಾರು ಓಡ್ಸೋಳು ನಾನೇ ಅಲ್ವಾ? ಎರಡು ತುಂಡು ಕೋಳಿ ಕಟ್ಕೊ, ನಡಿ."

ಇವರ ಡ್ರೈವಿಂಗ್ ಕಂಡರೆ ಮೇಷ್ಟ್ರು ಹೆದರಿ ಎದ್ದು ಬಂದಾರು ಎಂದು ಹೊಸೀಯ ಗೊಣಗಿದರು. ಹಾಗೇನಾದರೂ ಬಂದರೆ ಹಿಂದಿನ ಸೀಟು ಖಾಲಿಯಿದೆ ಎಂದು ಹೇಳಿ ಇರ್ಮಾ ಹೊರಟೇಬಿಟ್ಟರು.

ಲೊರೀಸಳ ಮನೆಯಿಂದ ಪೆಟ್ಟಿಗೆ ತೆಗೆದುಕೊಂಡು ಹೆದ್ದಾರಿಗೆ ಬಂದ ಮೇಲೆ, ಎದುರಿನ ಲಾರಿಯೊಂದು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು ನಿಂತಿತು. ಅದರ ಹಿಂದಿನ ಕಾರೂ ನಿಂತಿತು. ಲೊರೀಸ್‌ಗೆ ಆಗ ಕಂಡಿತು: ಶವಯಾತ್ರೆಗೆಂದು ಕಾರಿನ ಮೂತಿಗೆ ಸಿಕ್ಕಿಸಿದ್ದ ನೇರಳೆ ಬಾವುಟ ಇನ್ನೂ ಪಟಪಟಿಸುತ್ತಿತ್ತು, ಹಗಲಿನಲ್ಲೇ ಹಾಕಿದ್ದ ದೀಪಗಳೂ ಉರಿಯುತ್ತಿದ್ದವು. ಶವಯಾತ್ರೆ ಕಂಡರೆ ಎದುರು ಬರುವವರು ಬದಿಗೆ ನಿಂತು ಗೌರವ ಕೊಡುವುದು ಆ ಕಡೆಯ ರೂಢಿ.

"ಬಾವುಟ ತೆಗೆಯೋದು ಮರೆತೇಬಿಟ್ವಿ. ಒಂದ್ನಿಮಿಷ ನಿಲ್ಸಿ."

ಇರ್ಮಾ ಬಾವುಟವನ್ನು ನೋಡಿದರು, ಆಮೇಲೆ ದಾರಿಯನ್ನು.

"ಇರ್ಲಿ ಬಿಡು. ಇವತ್ತಾದ್ರೂ ದಾರಿ ಬಿಡ್ಲಿ."

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಲೊರೀಸ್ ನೆಟ್ಟಗೆ ಕೂತಳು. ಹತ್ತಿಯ ಹೊಲಗಳ ನಡುವೆ, ಕಣ್ಣು ಹಾಯುವವರೆಗೂ, ಎದುರಿನ ಬಂಡಿಗಳು ಒಂದೊಂದಾಗಿ ಅಂಚಿಗೆ ಸರಿದು ನಿಂತವು. ಕಪ್ಪು ಕೈಗಳು, ಬಿಳಿ ಕೈಗಳು ಟೋಪಿ ತೆಗೆದವು. ಯಾರಿಗೆ ತೆಗೆದೆವೆಂದು ಅವರು ತಿಳಿದಿದ್ದರೋ, ಗೊತ್ತಿಲ್ಲ.