ತಂಗಿಗೆ ಕಲಿಸಿದ ಪದ

ನನ್ನ ತಂಗಿ ಬದುಕಿ ಉಳಿದದ್ದನ್ನ ಟೀವಿಯವರು ‘ಮಿರಾಕ್ಯುಲಸ್ ಎಸ್ಕೇಪ್’ ಅಂದರು. ಅವರ ಬಾಯಿಗೆ ಮಣ್ಣು ಬೀಳ.

ನಾವಿಬ್ಬರೂ ಗಾರ್ಮೆಂಟ್ಸಿನಲ್ಲಿ ಅಂಗಿ ಹೊಲಿಯೋರು. ನಾನು ಕೆಳಗಿನ ಮಹಡಿ, ಅವಳು ಮೇಲೆ. ಮಷೀನ್ ಮುಂದಿನ ಕುರ್ಚಿ ಖಾಲಿ ಕಂಡರೆ ಸಾಕು, ಸೂಪರ್‌ವೈಸರ್ ಹಾರಾಡ್ತಾನೆ. ಅದಕ್ಕೇ ಯಾರಾದರೂ ಶೌಚಕ್ಕೆ ಎದ್ದರೆ, ನಿಂತ್ಕೊಂಡು ನೂಲು ಕತ್ತರಿಸೋ ಹುಡುಗಿ ಬಂದು ಆ ಕುರ್ಚೀಲಿ ಕೂತು ಹೊಲಿಗೆ ಓಡಿಸ್ತಾಳೆ. ಅವತ್ತು ತಂಗಿ ಎದ್ದಳು, ನೂಲು ಕತ್ತರಿಸ್ತಿದ್ದ ಅವಳ ಗೆಳತಿ ಕೂತಳು, ಚಾವಣಿ ಕುಸಿದು ಗೆಳತಿಯ ಮೇಲೇ ಬಿತ್ತು. ಬಿರುಕು ಬಿಟ್ಟಿದೆ ಅಂತ ಹಿಂದಿನ ವಾರವೇ ಇಬ್ಬರೂ ಬಡ್ಕೊಂಡಿದ್ದರು. ಯಾರೂ ಕ್ಯಾರೇ ಅನ್ನಲಿಲ್ಲ.

ಆಮೇಲಿಂದ ತಂಗಿ ಸರಿಯಾಗಿ ಉಣ್ತಿರಲಿಲ್ಲ. ಆ ಕುರ್ಚಿ ಯಾರದು ಅಂತ ಗೆಳತಿಯ ತಾಯಿಗೆ ಗೊತ್ತಿರಲಿಲ್ಲ. “ಅಕ್ಕಾ, ನಾನೇ ಹೇಳಬೇಕು. ಹೋಗಲಿ ಬಿಡು ಅಂತ ಅವರು ಒಂದು ಮಾತಂದರೆ ಸಾಕು” ಅನ್ನೋದೇ ಅವಳ ಜಪ. ಅವರ ಮನೆಗೆ ಹೋಗೋಕೆ ಮಾತ್ರ ಧೈರ್ಯ ಸಾಲದು.

ರಿಪೇರಿ ಮುಗೀತು. ಮತ್ತೆ ಬಾಗಿಲು ತೆಗೆಯೋ ಸಮಾರಂಭಕ್ಕೆ ಮುಂಚೆ ಮ್ಯಾನೇಜರ್ ನಮ್ಮಿಬ್ಬರನ್ನ ಕರೆದು ಪಾಠ ಶುರು ಮಾಡಿದ.

“ಮಿರಾಕ್ಯುಲಸ್ ಅಂದ್ರೆ ಪವಾಡದಂಥದ್ದು. ಆಗೋಕೇ ಸಾಧ್ಯವಿಲ್ಲ ಅನ್ನೋ ಒಳ್ಳೇದು ಆದಾಗ ಬಳಸ್ತಾರೆ. ನೀನು ಮೈಕಲ್ಲಿ, ನಾನು ಉಳಿದದ್ದು ಮಿರಾಕ್ಯುಲಸ್ ಅನ್ನು. ಅಷ್ಟೇ.”

“ಅವಳು ಸತ್ತಿದ್ದಕ್ಕೆ ಏನಂತಾರೆ ಸರ್?” ಅಂದಳು ತಂಗಿ.

“ಅದು ಬೇರೆ ವಿಷಯ.”

“ಬೇರೆ ಹೇಗಾಗುತ್ತೆ? ಕುರ್ಚಿ ಒಂದೇ ತಾನೆ?” ಅಂದೆ ನಾನು. ಅವನು ಫೋನ್ ನೋಡ್ತಾ ಕೂತ. ಪವಾಡ ಅಂದುಬಿಟ್ಟರೆ ತಪ್ಪನ್ನ ಯಾರ ತಲೆಗೂ ಕಟ್ಟೋ ಹಾಗಿಲ್ಲ ನೋಡಿ. ಎಂಥ ಅನುಕೂಲದ ಪದ ಹುಡುಕಿದ್ದ, ಮಹಾರಾಯ.

ಸಮಾರಂಭದಲ್ಲಿ ಗೆಳತಿಯ ತಾಯಿಯನ್ನ ಮುಂದಿನ ಸಾಲಲ್ಲಿ ಕೂರಿಸಿದ್ದರು. ತಂಗಿ ಮೈಕ್ ಹಿಡಿದು ಅವರನ್ನೇ ನೋಡಿದಳು.

“ಅಮ್ಮಾ, ಇದು ಮಿರಾಕ್ಯುಲಸ್ಸೂ ಅಲ್ಲ, ಏನೂ ಅಲ್ಲ. ಚಾವಣಿ ಬಿರುಕು ಬಿಟ್ಟಿತ್ತು. ನಾವಿಬ್ಬರೂ ಹೇಳಿದ್ವಿ, ಇವರು ಕೇಳಲಿಲ್ಲ. ನಾನು ಶೌಚಕ್ಕೆ ಎದ್ದು ಹೋದೆ, ನಿಮ್ಮ ಮಗಳು ನನ್ನ ಜಾಗದಲ್ಲಿ ಕೂತಳು.”

ಅಷ್ಟರಲ್ಲಿ ಮೈಕ್ ಆಫ್ ಮಾಡಿದರು. ತಂಗಿ ಕೆಳಗಿಳಿದು ಬಂದು ಆ ತಾಯಿಯ ಕೈ ಹಿಡ್ಕೊಂಡಳು. ನನಗೂ ಹೆಮ್ಮೆ ಆಯಿತು, ಸುಳ್ಳೇಕೆ ಹೇಳಲಿ.

ಅವರು ಬಯ್ಯಲಿಲ್ಲ, ಅಳಲೂ ಇಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡರು.

“ಒಂದು ಗಳಿಗೆ ತಡ್ಕೊಳ್ಳೋಕೆ ಆಗ್ತಿರಲಿಲ್ವಾ, ಮಗಳೇ?” ಅಂದರು.