ಐಸಿನ ಕೋಣೆಯಲ್ಲಿ ಎಣ್ಣೆ ಕುಪ್ಪಿ

ನನ್ನ ಉಸಿರು ನನಗೇ ಕಾಣಿಸುತ್ತಿದೆ, ಟಾರ್ಚಿನ ಬೆಳಕಿನಲ್ಲಿ ಬೆಳ್ಳಗೆ ಹೊರಟು ಐಸಿನ ಗಡ್ಡೆಗಳ ಕಡೆಗೆ ಹೋಗುತ್ತಿದೆ, ನನ್ನ ಗಂಡ ಬ್ಯಾಪ್ಟಿಸ್ಟ್ ಬೀಡಿ ಎಳೆದು ಬಿಟ್ಟ ಹಾಗೆ, ಐವತ್ತೆರಡು ವರ್ಷ ಕಾಪುವಿನಲ್ಲಿ ಉಸಿರಾಡಿದರೂ ಕಳೆದ ಶನಿವಾರದವರೆಗೆ ಅದರ ಮುಖ ನೋಡಿದವಳಲ್ಲ ನಾನು — ಆರಿಸು ಬರ್ತಾ, ಟಾರ್ಚು ಆರಿಸು, ಸೆಲ್ಲು ಈ ಐಸಿನ ಕೋಣೆಯ ಯಜಮಾನ ವಹಾಬ್ ಸಾಹೇಬರದ್ದು. ಹೊರಗೆ ಮಳೆ ಬಿಟ್ಟ ಮೇಲಿನ ಅಕ್ಟೋಬರಿನ ಬಿಸಿಲು, ಒಳಗೆ ಮರದ ಹುಡಿ ಹೊದ್ದು ಮಲಗಿದ ಐಸು, ನಡುವೆ ಮೀನಿನ ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕುಳಿತ ನಾನು, ಕುತ್ತಿಗೆಯಿಂದ ಪಾದದವರೆಗೆ ಮಗಳು ಇಮೆಲ್ಡಾಳ ರಜಾಯಿ, ರಜಾಯಿಯ ಒಳಗೆ ಪಾದದ ಆಚೆ, ಮೈಗೆ ತಾಗದ ಹಾಗೆ, ತೆಂಗಿನೆಣ್ಣೆಯ ಪುಟ್ಟ ಕುಪ್ಪಿ. ನಿನ್ನೆಯಿಂದ ಐಸಿನ ಮೇಲಿದ್ದು ಮೇಣದಬತ್ತಿಯ ಹಾಗೆ ಬೆಳ್ಳಗೆ ಗಟ್ಟಿಯಾದ ಎಣ್ಣೆ. ಮೂರು ತೇರ್ಸ, ಜಪಮಾಲೆಯ ಮೂರು ಸುತ್ತು, ಹೇಳಿ ಮುಗಿಯುವುದರೊಳಗೆ ಅದು ಕರಗಬೇಕು, ಕರಗದಿದ್ದರೆ ನಾಡಿದ್ದು ನನ್ನ ಮಗಳು ಬರಿಗೈಯಲ್ಲಿ ಹಿಮಾಲಯದ ಆಸ್ಪತ್ರೆಯ ನರ್ಸಿನ ಕೆಲಸಕ್ಕೆ ವಾಪಸು, ಇನ್ನೊಂದು ಚಳಿಗಾಲಕ್ಕೆ, ನಮಾನ್ ಮೊರಿಯೆ, ಎಷ್ಟನೆಯ ಮಣಿ ಇದು, ಬೆರಳಿಗೆ ಗೊತ್ತುಂಟು, ನನಗೆ ಗೊತ್ತಿಲ್ಲ. ಬಾಗಿಲು ಹಾಕುವಾಗ ವಹಾಬ್ ಸಾಹೇಬರ ಮುಖ ನೋಡಬೇಕಿತ್ತು, ಬಾಯಮ್ಮ, ಬಂಗುಡೆ ಇಡುವ ಕೋಣೆಯಲ್ಲಿ ನಿಮ್ಮನ್ನು ಇಟ್ಟೆ ಅಂತ ಗೊತ್ತಾದರೆ ಊರಿನವರಿಗೆ ನಾನು ಎಂತ ಹೇಳುವುದು, ಬಂಗುಡೆ ಅಂತಲೇ ಹೇಳಿ ಸಾಹೇಬರೆ, ಸ್ವಲ್ಪ ದೊಡ್ಡ ಬಂಗುಡೆ.

ಮೊದಲ ತೇರ್ಸ ಮುಗಿಯಿತು, ನೋಡಲೇ — ಬೇಡ, ತೆರೆದರೆ ಬೆಚ್ಚಗೆ ಹೊರಗೆ ಹೋಗುತ್ತದೆ, ಅನ್ನದ ಪಾತ್ರೆ ತೆರೆದು ತೆರೆದು ನೋಡುವ ಹೆಂಗಸು ನಾನಲ್ಲ. ಶನಿವಾರ ಇದೇ ಬುಟ್ಟಿಯ ಮೇಲೆ ಇಮೆಲ್ಡಾಳಿಗೆ ಕೊಟ್ಟಂಥದ್ದೇ, ನನ್ನ ಕೈಯಿಂದಲೇ ಹೊಲಿದ ಬೂರುಗದ ಹತ್ತಿಯ ರಜಾಯಿ ಹೊದ್ದು ಕುಳಿತಿದ್ದೆ, ಕಾರ್ಕಳದ ಕಡೆಯಿಂದ ತರಿಸಿದ ಬೂರುಗ, ತುಂಬಿಸುವಾಗ ಕೋಲಿನಿಂದ ಜಡಿದು ಜಡಿದು ತುಂಬಿಸಿದ್ದೆ, ಎತ್ತಿದರೆ ಹೆಗಲು ಇಳಿಯಬೇಕು, ಬ್ಯಾಪ್ಟಿಸ್ಟ್ ಎತ್ತಿ ನೋಡಿ, ಇದು ರಜಾಯಿ ಎಂದರೆ ರಜಾಯಿ, ಇದರ ಅಡಿಯಲ್ಲಿ ಮಲಗಿದವರಿಗೆ ಚಳಿ ಮಾತ್ರ ಅಲ್ಲ, ಉಸಿರೂ ಒಳಗೆ ಹೋಗುವುದಿಲ್ಲ ಎಂದಿದ್ದ. ಭಾರ ಇದ್ದದ್ದೇ ಬೆಚ್ಚಗೆ, ಹಾಗಂತ ಮೂವತ್ತು ವರ್ಷ ಹಾಸಿಗೆ ಹೊಲಿದೆ, ಚಳಿ ಎಂತದ್ದೆಂದು ಗೊತ್ತಿಲ್ಲದ ಊರಿನಲ್ಲಿ ಬಿಸಿಯ ಪಂಡಿತೆ! ಎರಡು ತೇರ್ಸ ಮುಗಿಯುವಾಗ ಹಲ್ಲು ಕಟಕಟ, ಕಾಲ್ಬೆರಳು ಯಾರದ್ದೋ ಆಗಿತ್ತು, ಕುಪ್ಪಿ ನೋಡಿದರೆ ಬೆಳ್ಳಗೆ, ಇಟ್ಟ ಹಾಗೆಯೇ ಬೆಳ್ಳಗೆ. ಆ ಕಾಗದ, ಇಮೆಲ್ಡಾ ಮೊದಲ ಚಳಿಗಾಲದಲ್ಲಿ ಬರೆದದ್ದು, ಬ್ಯಾಪ್ಟಿಸ್ಟ್ ಜಗಲಿಯಲ್ಲಿ ಕುಳಿತು ದೊಡ್ಡದಾಗಿ ಓದಿದ, ಮಾಂಯ್, ನೀನು ಕೊಟ್ಟ ರಜಾಯಿ ತುಂಬ ಬೆಚ್ಚಗೆ ಉಂಟು, ಚಿಂತೆ ಮಾಡಬೇಡ, ಮತ್ತೆ ಕೆಳಗೆ, ನೀನು ಕಳಿಸಿದ ತಲೆಯ ಎಣ್ಣೆ ಇಲ್ಲಿ ಕಲ್ಲಾಗಿದೆ, ಕುಪ್ಪಿಯನ್ನು ಹಾಸಿಗೆಯಲ್ಲಿ ನನ್ನ ಪಕ್ಕವೇ ಇಟ್ಟು ಮಲಗಿದರೂ ಬೆಳಿಗ್ಗೆ ಕಡ್ಡಿ ಹಾಕಿ ಕೀಳಬೇಕು. ನಾವು ನಕ್ಕೆವು. ಎಣ್ಣೆ ಕಡ್ಡಿ ಹಾಕಿ ಕೀಳುವುದಂತೆ, ಎಂತ ಊರು ಮಾರಾಯ್ತಿ ಎಂದು ಹೊಟ್ಟೆ ಹಿಡಿದು ನಕ್ಕೆವು. ಕುಪ್ಪಿ ಇದ್ದದ್ದು ನನ್ನ ರಜಾಯಿಯ ಒಳಗೆ. ಅದು ತಲೆಗೆ ಹೋಗಲಿಲ್ಲ ನನಗೆ, ರಜೆಯಲ್ಲಿ ಬಂದವಳ ಬೆರಳು ನೋಡುವವರೆಗೆ ಹೋಗಲಿಲ್ಲ, ಗೆಣ್ಣು ಗೆಣ್ಣಿನಲ್ಲಿ ಕಪ್ಪು ಕಲೆ, ಅದು ಚಳಿಗೆ ಬಾತು ಒಡೆದದ್ದು ಮಾಂಯ್, ಎಲ್ಲರಿಗೂ ಆಗುತ್ತದೆ ಎಂದು ಕೈಯನ್ನು ಸೆರಗಿನಲ್ಲಿ ಅಡಗಿಸಿದಳು. ನನಗೆ ಬೇಸರ ಆಗಬಾರದೆಂದು ಎರಡು ಚಳಿಗಾಲ ಸುಳ್ಳು ಬರೆದಳಲ್ಲ, ಆ ಕಾಗದವನ್ನು ನಾನು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದೆನಲ್ಲ.

ಎರಡನೆಯದೂ ಮುಗಿಯುತ್ತ ಬಂತು, ಮೂಗಿನ ತುದಿ ಸತ್ತಿದೆ, ಕಿವಿ ಸತ್ತಿದೆ, ರಜಾಯಿಯ ಒಳಗೆ ಮಾತ್ರ — ಹೇಳಬಾರದು, ಕುಪ್ಪಿ ಹೇಳಲಿ. ಎಷ್ಟು ಹಗುರ ಇದು, ಹೊದ್ದದ್ದೇ ಗೊತ್ತಾಗುವುದಿಲ್ಲ, ಬಾತುಕೋಳಿಯ ಎದೆಯ ತುಪ್ಪಳವಂತೆ, ಗುಡ್ಡ ಹತ್ತುವ ಬಿಳಿಯರು ಡೇರೆಯೊಳಗೆ ಹೊದ್ದು ಮಲಗುವಂಥದ್ದು, ಒಬ್ಬ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದವ, ಹೋಗುವಾಗ ಇದರ ಜೀವ ಹೋಗಿದೆ ಸಿಸ್ಟರ್, ಬಿಸಾಡಿ ಎಂದನಂತೆ, ಇವಳು, ಬಿಸಾಡುವುದಾ, ನನ್ನ ಮಾಂಯ್ ಹಾಸಿಗೆ ಹೊಲಿಯುವವಳು ಎಂದಳಂತೆ. ನನ್ನ ಮಾಂಯ್! ಬೆರಳು ಒಡೆದುಕೊಂಡ ಮೇಲೂ! ತಂದಾಗ ಹಪ್ಪಳದ ಹಾಗೆ ಚಪ್ಪಟೆ, ಬೆವರಿನ ನಾತ, ಒಳಗೆ ಎಂತ ಉಂಟು ನೋಡುವ ಎಂದು ಒಂದು ಮೂಲೆಯ ಹೊಲಿಗೆ ಬಿಚ್ಚಿದ್ದೇ ತಪ್ಪು, ಗಾಳಿ ಒಂದು ಮುಷ್ಟಿ ತುಪ್ಪಳ ಎತ್ತಿಕೊಂಡು ಹೋಗಿ ಪಕ್ಕದ ಗುಣವತಿ ಒಣಗಲು ಹಾಕಿದ ಮೀನಿಗೆ ಅಂಟಿಸಿತು, ಎಂತ ಬರ್ತಕ್ಕ, ನನ್ನ ಒಣಮೀನಿಗೆ ರೆಕ್ಕೆ ಬರಿಸಿದಿರಲ್ಲ ಮಾರಾಯ್ರೆ. ಅಂಟುವಾಳದ ನೀರಿನಲ್ಲಿ ತೊಳೆದೆ, ಹಿಂಡದೆ ಒತ್ತಿ ಒತ್ತಿ ನೀರು ಬಸಿದೆ, ನೋಡಿದರೆ ಮಳೆಗೆ ಸಿಕ್ಕಿದ ಕೋಳಿಯ ಹಾಗೆ ಒಂದು ಮುದ್ದೆ, ಬಾವಿಕಟ್ಟೆಯಲ್ಲಿ ಕುಳಿತು ಅತ್ತೆ, ಮಗಳಿಗೆ ಕಾಣದ ಹಾಗೆ. ಚಾಪೆಯ ಮೇಲೆ ನಾಲ್ಕು ದಿನ ಬಿಸಿಲು, ಚೌಕ ಚೌಕದ ಮನೆ ಮನೆಯಾಗಿ ಹೊಲಿದದ್ದು, ಒಂದೊಂದು ಮನೆಯಲ್ಲೂ ಹುಣಸೆ ಬೀಜದ ಹಾಗೆ ಗಂಟು, ಬಟ್ಟೆಯ ಹೊರಗಿನಿಂದಲೇ ಎರಡು ಬೆರಳಲ್ಲಿ ಹಿಡಿದು ತಿಕ್ಕಿ ತಿಕ್ಕಿ ಬಿಡಿಸುವುದು, ಮೂಲೆ ಹಿಡಿದು ಕೊಡಹುವುದು, ಮತ್ತೆ ಬಿಸಿಲು. ಒಂದು ಮನೆ ತೀರ ತೆಳ್ಳಗೆ ಕಂಡಿತೆಂದು ಹಳೆಯ ಕೈ ಕೇಳಲಿಲ್ಲ, ಬೂರುಗ ಸೇರಿಸಿತು, ಮರುದಿನ ಎಲ್ಲ ಮನೆ ಏಳುವಾಗ ಅದೊಂದು ಮಾತ್ರ ಮುನಿಸಿಕೊಂಡು ಬಿದ್ದಿತ್ತು, ತೆಗೆದುಬಿಟ್ಟೆ. ಅಂಗೈ ಒತ್ತಿ ಬಿಡುವುದು, ಎಷ್ಟು ಬೇಗ ಏಳುತ್ತದೆ ನೋಡುವುದು, ಮೊದಲ ದಿನ ಒಂದು ಬೆರಳು ಎತ್ತರ, ಮತ್ತೆ ಮೂರು, ಮತ್ತೆ ನಾಲ್ಕು, ನಿನ್ನೆ ಸಂಜೆ ಒಂದು ಗೇಣು, ಬ್ಯಾಪ್ಟಿಸ್ಟ್ ಒಂದೇ ಕೈಯಲ್ಲಿ ಎತ್ತಿ, ಇದರಲ್ಲಿ ಎಂತ ಉಂಟು ಮಾರಾಯ್ತಿ, ಗಾಳಿ ಮಾತ್ರ. ಗಾಳಿಯೇ ಇರಬೇಕಾದದ್ದು ಎಂದು ಈಗ ಗೊತ್ತು, ಮೂವತ್ತು ವರ್ಷ ಆ ಗಾಳಿಯನ್ನು ಕೋಲಿನಿಂದ ಜಡಿದು ಹೊರಗೆ ಹಾಕಿದವಳು ನಾನೇ.

ಬಾಯಮ್ಮ, ಜೀವ ಉಂಟಾ, ಬಾಗಿಲಿನ ಆಚೆಯಿಂದ ಕೂಗು, ಉಂಟು ಸಾಹೇಬರೆ, ಇನ್ನು ಹತ್ತೇ ಮಣಿ. ನನಗೆ ಸಂತೋಷವಾಗುತ್ತಿದೆ, ಕಾರಣ ಗೊತ್ತಾಗುವ ಮೊದಲೇ ಸಂತೋಷ, ಇದು ಒಳ್ಳೆಯದಲ್ಲ, ಆದರೂ ಕಾಲ್ಬೆರಳು ಹತ್ತೂ ನನ್ನವೇ, ಆಡಿಸಿದರೆ ಆಡುತ್ತವೆ, ಇಮೆಲ್ಡಾ ಅಲ್ಲಿ ಹೀಗೆ ಕಾಲು ಚಾಚಿ ಮಲಗುತ್ತಾಳೆ, ಹೊರಗೆ ಏನು ಬೀಳುತ್ತದೋ ಬೀಳಲಿ, ಮತ್ತೆ ಬೆಚ್ಚಗೆ ಉಂಟು ಮಾಂಯ್ ಎಂದು ಬರೆಯುತ್ತಾಳೆ, ನಾನು ನಂಬುವುದಿಲ್ಲ, ಎಣ್ಣೆಯ ಸುದ್ದಿ ಬರೆ ಎನ್ನುತ್ತೇನೆ, ಅದನ್ನು ಮಾತ್ರ ಬರೆ — ಕೊನೆಯ ಮಣಿ. ಟಾರ್ಚು ಎಲ್ಲಿ. ರಜಾಯಿಯ ಅಂಚು ಎತ್ತಿದೆ, ಕುಪ್ಪಿ, ಗಾಜು ತಣ್ಣಗಿಲ್ಲ, ಬೆಳಕಿಗೆ ಹಿಡಿದೆ, ನಡುವೆ ಬೆಳ್ಳಗೆ ಒಂದು ಚೂರು, ಜಪಮಣಿಯಷ್ಟು, ಸುತ್ತ ಎಣ್ಣೆ, ತಿಳಿ, ಟಾರ್ಚಿನ ಬೆಳಕು ದಾಟುವಷ್ಟು ತಿಳಿ. ವಾಲಿಸಿದೆ. ಎಣ್ಣೆ ಆ ಕಡೆ ಹೋಯಿತು. ವಾಲಿಸಿದೆ. ಈ ಕಡೆ ಬಂತು. ಕುಪ್ಪಿಯೊಳಗೆ ಎಣ್ಣೆ, ಆ ಕಡೆ, ಈ ಕಡೆ, ಎಣ್ಣೆ.